ಮೂಗಿಗಿಂತ ಮೂಗುತಿ ಭಾರ: ಹಳೆಯ ಐಷಾರಾಮಿ ಕಾರಿನ ರಿಪೇರಿ ಲೆಕ್ಕ

ಬಿಎಂಡಬ್ಲ್ಯು ಕಂಪನಿಯ 328ಐ ಕಾರು 2012ರಲ್ಲಿ ಅಮೆರಿಕದ ಷೋರೂಮುಗಳಲ್ಲಿದ್ದಾಗ ಅದರ ಆರಂಭಿಕ ಬೆಲೆ ಸುಮಾರು 35 ಸಾವಿರ ಡಾಲರ್. ಒಂದು ಲಕ್ಷ ಮೈಲಿ ದಾಟಿದ ಅದೇ ಕಾರು ಈಗ ಹತ್ತು ಸಾವಿರ ಡಾಲರಿನೊಳಗೆ ಸಿಗುತ್ತದೆ. ಚರ್ಮದ ಸೀಟು, ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹೆದ್ದಾರಿಯಲ್ಲಿ ಸದ್ದಿಲ್ಲದ ಓಟ, ಎಲ್ಲವೂ ಮುಕ್ಕಾಲು ಪಾಲು ರಿಯಾಯಿತಿಯಲ್ಲಿ. ಆದರೆ ಅದರ ಟೈಮಿಂಗ್ ಚೈನನ್ನೂ ಚೈನಿಗೆ ದಾರಿ ತೋರುವ ಪ್ಲಾಸ್ಟಿಕ್ ಪಟ್ಟಿಗಳನ್ನೂ ಬದಲಿಸಬೇಕಾಗಿ ಬಂದರೆ ಅಲ್ಲಿನ ಗ್ಯಾರೇಜುಗಳು ಸುಮಾರು ಎರಡೂವರೆಯಿಂದ ನಾಲ್ಕು ಸಾವಿರ ಡಾಲರ್ ಕೇಳುತ್ತವೆ. ಕಾರು ಹೊಸದಿದ್ದಾಗ ಈ ಮೊತ್ತ ಅದರ ಬೆಲೆಯ ಹತ್ತರಲ್ಲೊಂದು ಪಾಲು. ಈಗ ಮೂರರಲ್ಲೊಂದು ಪಾಲು. ಮಾರುಕಟ್ಟೆ ಕಾರಿನ ಬೆಲೆಯನ್ನು ವರ್ಷ ವರ್ಷ ಇಳಿಸುತ್ತದೆ, ಬಿಡಿಭಾಗದ ಬೆಲೆಯನ್ನಾಗಲಿ ಮೆಕ್ಯಾನಿಕ್ಕಿನ ಗಂಟೆಯ ಕೂಲಿಯನ್ನಾಗಲಿ ಯಾರೂ ಇಳಿಸುವುದಿಲ್ಲ. ಕೊಳ್ಳುವವನು ತನ್ನ ಜೇಬಿಗೆ ತಕ್ಕಂತೆ ಹತ್ತು ಸಾವಿರದ ಕಾರು ತಂದಿರುತ್ತಾನೆ, ಕಾರು ಮಾತ್ರ ತಾನಿನ್ನೂ 35 ಸಾವಿರದ್ದೆಂದೇ ನಡೆದುಕೊಳ್ಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಎರಡೇ ಎರಡು: ‘ಜರ್ಮನ್ ಕಾರುಗಳು ನಾಜೂಕು’ ಎಂಬುದೊಂದು, ‘ಕಂಪನಿಯವರು ಬೇಕೆಂದೇ ಕೆಡುವಂತೆ ಮಾಡುತ್ತಾರೆ’ ಎಂಬುದಿನ್ನೊಂದು. ಎರಡೂ ಸೋಮಾರಿ ವಿವರಣೆಗಳು. ಈ ಕಾರುಗಳಲ್ಲಿ ಯಾವ ಭಾಗ ಯಾವ ವಯಸ್ಸಿಗೆ ಕೈಕೊಡುತ್ತದೆ ಎಂಬುದು ಸುಮಾರಾಗಿ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದಕ್ಕೆ ಕಾರಣ ರಸಾಯನಶಾಸ್ತ್ರ ಮತ್ತು ರೇಖಾಗಣಿತ. ಭಾಗ ಯಾವಾಗ ಸಾಯಬೇಕು ಎಂಬುದನ್ನು ಎಂಜಿನ್ ಕೋಣೆಯ ಶಾಖ ನಿರ್ಧರಿಸುತ್ತದೆ. ಸತ್ತಾಗ ಎಷ್ಟು ಖರ್ಚಾಗಬೇಕು ಎಂಬುದನ್ನು ಅದು ಕುಳಿತಿರುವ ಜಾಗ ನಿರ್ಧರಿಸುತ್ತದೆ. ಬಿಡಿಭಾಗದ ಬೆಲೆ ಈ ಲೆಕ್ಕದಲ್ಲಿ ಎಷ್ಟೋ ಸಲ ಮೂರನೆಯ ಸ್ಥಾನಕ್ಕೆ ಬರುತ್ತದೆ. ಬಿಎಂಡಬ್ಲ್ಯು 3 ಸೀರೀಸ್ ಈ ಮಾತಿಗೆ ಒಳ್ಳೆಯ ಉದಾಹರಣೆ. 2005ರಲ್ಲಿ ಬಂದ ಇ90 ತಲೆಮಾರು, 2011ರ ಕೊನೆಯಲ್ಲಿ ಬಂದ ಎಫ್30 ತಲೆಮಾರು, ಎರಡೂ ಲಕ್ಷಗಟ್ಟಲೆ ಮಾರಾಟವಾಗಿ ಈಗ ಎರಡನೆಯ, ಮೂರನೆಯ, ನಾಲ್ಕನೆಯ ಮಾಲೀಕರ ಕೈಯಲ್ಲಿವೆ. ಹಾಗಾಗಿ ಅವುಗಳ ಕಾಯಿಲೆಗಳ ಚರಿತ್ರೆ ಚೆನ್ನಾಗಿ ದಾಖಲಾಗಿದೆ.

ಮೊದಲು ಶಾಖದ ಮಾತು. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಸಮೀಕರಣವಾಗಿ ಬರೆದ. ಎಂಜಿನಿಯರುಗಳು ಅದರಿಂದ ಹಿಂಡಿಕೊಂಡ ಅಂದಾಜಿನ ಸೂತ್ರ ಸರಳವಾಗಿದೆ: ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ವಸ್ತು ಮುದಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಳೆಯ ಕಾಲದ ಎಂಜಿನ್ನುಗಳ ಕೂಲಂಟು 90 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತಿತ್ತು. ಇ90ರಲ್ಲಿದ್ದ ಆರು ಸಿಲಿಂಡರಿನ ಎನ್52 ಎಂಜಿನ್ನಿನಲ್ಲಿ ಕಂಪ್ಯೂಟರು ಥರ್ಮೋಸ್ಟಾಟನ್ನು ನಡೆಸುತ್ತದೆ. ಕಾರು ಹಗುರವಾಗಿ ಓಡುತ್ತಿರುವಾಗ ಅದು ಬೇಕೆಂದೇ ಕೂಲಂಟನ್ನು 110 ಡಿಗ್ರಿ ದಾಟಲು ಬಿಡುತ್ತದೆ. ಬಿಸಿ ಎಣ್ಣೆ ತೆಳುವಾಗಿರುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ, ಇಂಧನ ಉಳಿಯುತ್ತದೆ. ಮೊದಲ ಮಾಲೀಕನಿಗೆ ಇದು ನಿಜವಾದ ಲಾಭ. ಆದರೆ 90ರಿಂದ 110ಕ್ಕೆ ಏರಿದರೆ ಆ ಅಂದಾಜಿನ ಪ್ರಕಾರ ರಬ್ಬರು, ಪ್ಲಾಸ್ಟಿಕ್ಕುಗಳ ವಯಸ್ಸು ನಾಲ್ಕು ಪಟ್ಟು ಬೇಗ ಓಡುತ್ತದೆ. ಲೋಹದ ಪೈಪಿದ್ದಲ್ಲಿ ಈಗ ಗಾಜಿನ ಎಳೆ ಬೆರೆಸಿದ ನೈಲಾನು ಇದೆ. ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಬಿಸಿ ನೀರು ಮತ್ತು ಗ್ಲೈಕಾಲ್ ಸೇರಿ ಆ ನೈಲಾನಿನ ಉದ್ದನೆಯ ಅಣುಸರಪಳಿಗಳನ್ನು ವರ್ಷಗಟ್ಟಲೆ ತುಂಡರಿಸುತ್ತ ಹೋಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಒಂದು ದಿನ ಯಾವುದೋ ಹೋಸನ್ನು ಬಿಚ್ಚಲು ಹೋದಾಗ ಅದರ ಪ್ಲಾಸ್ಟಿಕ್ ಮೂತಿ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬರುತ್ತದೆ.

ರಬ್ಬರಿನ ಗ್ಯಾಸ್ಕೆಟ್ಟುಗಳದೂ ಅದೇ ಹಾಡು. ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಕೆಲವೇ ಡಾಲರಿನದು, ಬೆರಳಿನಷ್ಟು ದಪ್ಪವೂ ಇಲ್ಲ. ಬಿಸಿಯಲ್ಲಿ ಅದು ಗಟ್ಟಿಯಾಗಿ, ಚಪ್ಪಟೆಯಾಗಿ, ಚಿಮ್ಮುವ ಗುಣ ಕಳೆದುಕೊಂಡಾಗ ಎಣ್ಣೆ ಜಿನುಗುತ್ತದೆ. ಬದಲಿಸಲು ಇನ್‌ಟೇಕ್ ಮ್ಯಾನಿಫೋಲ್ಡ್ ಸುತ್ತಮುತ್ತಲಿನದನ್ನೆಲ್ಲ ಸರಿಸಬೇಕು, ಬಿಲ್ಲು ನೂರಾರು ಡಾಲರಿಗೆ ಏರುತ್ತದೆ. ಇಷ್ಟಕ್ಕೇ ನಿಂತಿದ್ದರೆ ಸಣ್ಣ ಸಂಗತಿ. ಜಿನುಗಿದ ಎಣ್ಣೆ ಕೆಳಗಿರುವ ಡ್ರೈವ್ ಬೆಲ್ಟಿನ ಮೇಲೆ ಬಿದ್ದು ಬೆಲ್ಟು ಮೆತ್ತಗಾಗಿ ರಾಟೆಯಿಂದ ಜಾರುತ್ತದೆ. ಜಾರಿದ ಬೆಲ್ಟು ಎಳೆಎಳೆಯಾಗಿ ಹರಿದು, ಕ್ರ್ಯಾಂಕ್‌ಶಾಫ್ಟಿನ ಮುಂದಿನ ಸೀಲಿನೊಳಗೆ ನುಗ್ಗಿ ಎಂಜಿನ್ನಿನ ಹೊಟ್ಟೆಯನ್ನೇ ಸೇರಿದ ಪ್ರಕರಣಗಳು ಬಿಎಂಡಬ್ಲ್ಯು ಮೆಕ್ಯಾನಿಕ್ಕುಗಳಿಗೆ ಹೊಸತಲ್ಲ. ಸಣ್ಣ ಸೋರಿಕೆಯನ್ನು ‘ಇರಲಿ ಬಿಡಿ, ಎಲ್ಲ ಹಳೆ ಕಾರೂ ಸ್ವಲ್ಪ ಸೋರುತ್ತೆ’ ಎಂದು ಬಿಟ್ಟವರು ಕೊನೆಗೆ ಎಂಜಿನ್ ಬಿಚ್ಚಿಸುತ್ತಾರೆ. ಈ ದರ್ಜೆಯ ಕಾರುಗಳ ಎಂಜಿನ್ ಕೋಣೆಯಲ್ಲಿ ಖಾಲಿ ಜಾಗವೇ ಇಲ್ಲದ್ದರಿಂದ ಒಂದರ ಮೇಲೊಂದು ಭಾಗ ಕುಳಿತಿರುತ್ತದೆ. ಒಂದು ಸೋರಿದರೆ ಇನ್ನೊಂದರ ತಲೆಯ ಮೇಲೆಯೇ ಸೋರಬೇಕು.

ಅದೇ ಎನ್52ರ ವಾಟರ್ ಪಂಪಿನ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಪಂಪು ಬೆಲ್ಟಿನಿಂದ ತಿರುಗುತ್ತಿತ್ತು. ಎಂಜಿನ್ ವೇಗವಾಗಿ ತಿರುಗಿದಷ್ಟೂ ಅದೂ ತಿರುಗಬೇಕು, ನೀರು ಬೇಕಿರಲಿ ಬೇಡವಾಗಿರಲಿ. ಎನ್52ರ ವಿದ್ಯುತ್ ಪಂಪು ಬೇಕಾದಾಗ ಬೇಕಾದಷ್ಟೇ ಓಡುತ್ತದೆ. ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗುತ್ತದೆ, ನಿಲ್ಲಿಸಿದ ಮೇಲೂ ತಂಪುಮಾಡುವ ಕೆಲಸ ಮುಂದುವರಿಯುತ್ತದೆ. ಜಾಣ ಏರ್ಪಾಡೇ ಸರಿ. ಬೆಲ್ಟಿನ ಪಂಪು ಮಾತ್ರ ಸಾಯುವ ಮುಂಚೆ ಕಿರುಗುಟ್ಟುತ್ತಿತ್ತು, ತೊಟ್ಟಿಕ್ಕುತ್ತಿತ್ತು, ಮಾಲೀಕನಿಗೆ ನೋಟಿಸು ಕೊಡುತ್ತಿತ್ತು. ವಿದ್ಯುತ್ ಪಂಪಿನ ಒಳಗೆ ಸರ್ಕ್ಯೂಟ್ ಬೋರ್ಡು ಇದೆ, ಅದು ಎಂಜಿನ್ನಿನ ಪಕ್ಕದ ಬಿಸಿಯಲ್ಲಿ ಬೇಯುತ್ತ ಬೇಯುತ್ತ ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ. ಸಾಮಾನ್ಯವಾಗಿ ಇದು ಒಂದರಿಂದ ಒಂದೂವರೆ ಲಕ್ಷ ಕಿಲೋಮೀಟರಿನ ನಡುವೆ. ಥರ್ಮೋಸ್ಟಾಟ್ ಜೊತೆಗೆ ಬದಲಿಸಿದರೆ ಅಮೆರಿಕದಲ್ಲಿ ಸುಮಾರು ಸಾವಿರ ಡಾಲರ್, ಕೆಲವೆಡೆ ಅದಕ್ಕೂ ಮೇಲೆ. ಇಲ್ಲಿ ಲೋಹಶಾಸ್ತ್ರವೂ ಬಿಲ್ಲಿನಲ್ಲಿ ಒಂದು ಸಾಲು ಬರೆಯುತ್ತದೆ. ತೂಕ ಇಳಿಸಲು ಎನ್52ರ ಕ್ರ್ಯಾಂಕ್‌ಕೇಸಿನ ಹೊರಭಾಗವನ್ನು ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಿದ್ದಾರೆ. ಮೆಗ್ನೀಸಿಯಮ್ಮಿಗೆ ಉಕ್ಕಿನ ಬೋಲ್ಟ್ ಹಾಕಿದರೆ, ತೇವ ಸೋಕಿದೊಡನೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥದೇ ಕ್ರಿಯೆ ಶುರುವಾಗಿ ಮೆಗ್ನೀಸಿಯಂ ತಿಂದುಹೋಗುತ್ತದೆ. ಹಾಗಾಗಿ ಬೋಲ್ಟುಗಳು ಅಲ್ಯುಮಿನಿಯಮ್ಮಿನವು. ಬಿಗಿಯುವಾಗ ಅವು ಶಾಶ್ವತವಾಗಿ ಹಿಗ್ಗುತ್ತವೆ, ಆದ್ದರಿಂದ ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಬಿಚ್ಚುವಾಗಲೇ ಒಂದು ತಲೆ ಮುರಿದರೆ ಕೂಲಿಯ ಗಂಟೆಗಳು ಬೇರೆ.

ಜಾಗದ ಲೆಕ್ಕಕ್ಕೆ ಎನ್47 ಡೀಸೆಲ್ ಎಂಜಿನ್ನಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 2007ರಲ್ಲಿ ಬಂದ ಈ ಎರಡು ಲೀಟರಿನ ಎಂಜಿನ್ 320ಡಿ ಕಾರಿನ ಹೃದಯ. ಟೈಮಿಂಗ್ ಚೈನನ್ನು ಹೆಚ್ಚಿನ ಕಂಪನಿಗಳು ಎಂಜಿನ್ನಿನ ಮುಂಭಾಗದಲ್ಲಿ ಇಡುತ್ತಿದ್ದರೆ, ಇದರಲ್ಲಿ ಅದನ್ನು ಹಿಂದಕ್ಕೆ, ಗೇರ್‌ಬಾಕ್ಸಿನ ಕಡೆಗೆ ಒಯ್ದರು. ಇದಕ್ಕೆ ತಕ್ಕ ಕಾರಣಗಳಿದ್ದವು. ಕಾರು ಪಾದಚಾರಿಗೆ ಬಡಿದಾಗ ಬಾನೆಟ್ಟಿನ ತಗಡು ಬಗ್ಗಿ ತಲೆಗೆ ಮೆತ್ತನೆಯ ಆಸರೆಯಾಗಬೇಕು. ಅದಕ್ಕೆ ಬಾನೆಟ್ಟಿಗೂ ಎಂಜಿನ್ನಿಗೂ ನಡುವೆ ಅಂತರ ಬೇಕು. ಯುರೋಪಿನ ನಿಯಮಗಳು ಆ ವರ್ಷಗಳಲ್ಲಿ ಇದನ್ನು ಕಡ್ಡಾಯ ಮಾಡುತ್ತಿದ್ದವು. ಚೈನು ಹಿಂದಕ್ಕೆ ಹೋದರೆ ಎಂಜಿನ್ನಿನ ಮೂಗು ತಗ್ಗುತ್ತದೆ. ಇನ್ನೊಂದು ಕಾರಣ ಭೌತಶಾಸ್ತ್ರದ್ದು. ಸಿಲಿಂಡರುಗಳ ಒಂದೊಂದು ಸ್ಫೋಟಕ್ಕೂ ಕ್ರ್ಯಾಂಕ್‌ಶಾಫ್ಟ್ ಸೂಕ್ಷ್ಮವಾಗಿ ತಿರುಚಿ ಕಂಪಿಸುತ್ತದೆ. ಭಾರವಾದ ಫ್ಲೈವೀಲ್ ಇರುವ ಹಿಂದಿನ ತುದಿಯಲ್ಲಿ ಆ ಕಂಪನ ಕಡಿಮೆ. ಚೈನಿಗೆ ಅಲ್ಲಿ ನೆಮ್ಮದಿ ಹೆಚ್ಚು, ಸದ್ದೂ ಕಡಿಮೆ. ಇಷ್ಟೆಲ್ಲ ಸರಿಯಾದ ತರ್ಕದ ಕೊನೆಯಲ್ಲಿ ಒಂದು ತೊಡಕು ಉಳಿಯಿತು: ಚೈನು ಕೆಟ್ಟರೆ ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಕೆಳಗಿಳಿಸದೆ ಅದನ್ನು ಮುಟ್ಟಲಾಗದು. ಮತ್ತು ಚೈನು ಕೆಟ್ಟಿತು.

ಚೈನು ‘ಎಳೆದುಕೊಂಡಿದೆ’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರಲ್ಲ, ಲೋಹ ನಿಜಕ್ಕೂ ಹಿಗ್ಗಿರುವುದಿಲ್ಲ. ಕೊಂಡಿ ಕೊಂಡಿಯ ನಡುವಿನ ಪಿನ್ನು ಸವೆದಿರುತ್ತದೆ. ನೂರು ಕೊಂಡಿಯ ಚೈನಿನಲ್ಲಿ ಒಂದೊಂದು ಕೀಲೂ ಮಿಲಿಮೀಟರಿನ ನೂರನೇ ಎರಡು ಪಾಲು ಸವೆದರೆ ಒಟ್ಟು ಉದ್ದ ಎರಡು ಮಿಲಿಮೀಟರ್ ಬೆಳೆದಂತಾಯಿತು. ಬಿಗಿ ಹಿಡಿಯುವ ಟೆನ್ಷನರು ಅಷ್ಟನ್ನು ತಾಳಿಕೊಳ್ಳುತ್ತದೆ, ಇನ್ನಷ್ಟನ್ನು ತಾಳಲಾರದು. ಡೀಸೆಲ್ ಎಣ್ಣೆಯಲ್ಲಿ ಮಸಿಯ ಕಣಗಳು ಸೇರುತ್ತಲೇ ಇರುತ್ತವೆ, ಅವು ನುಣ್ಣನೆಯ ಉಜ್ಜುಪುಡಿಯ ಕೆಲಸ ಮಾಡುತ್ತವೆ. ಎಣ್ಣೆ ಬದಲಿಸುವ ಅವಧಿಯನ್ನು ಯುರೋಪಿನಲ್ಲಿ ಎರಡು ವರ್ಷ, 30 ಸಾವಿರ ಕಿಲೋಮೀಟರಿನವರೆಗೂ ಹಿಗ್ಗಿಸಿದಾಗ ಈ ಪುಡಿಗೆ ಕೆಲಸದ ಸಮಯವೂ ಹಿಗ್ಗಿತು. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಹಿಂಭಾಗದಿಂದ ಬರುವ ಕಟಕಟ ಉಜ್ಜಾಟವೇ ಸೂಚನೆ. ಅದನ್ನು ಕೇಳಿಸಿಕೊಳ್ಳದಿದ್ದರೆ ಚೈನು ಹರಿದು ಪಿಸ್ಟನ್ನು ವಾಲ್ವುಗಳನ್ನು ಗುದ್ದುತ್ತದೆ, ಆಮೇಲೆ ಮಾತು ಹೊಸ ಎಂಜಿನ್ನಿನದು. ಮುಂಚೆಯೇ ಮಾಡಿಸಿದರೂ ಬ್ರಿಟನ್ನಿನಲ್ಲಿ ಸಾವಿರದೈನೂರು ಪೌಂಡು, ಅದಕ್ಕೂ ಮೇಲೆ ತಗಲುವ ಕೆಲಸ. ಹೆಚ್ಚಿನ ಪಾಲು ಕೂಲಿಯೇ. ಮುಂಭಾಗದಲ್ಲೇ ಚೈನಿದ್ದ ಎನ್20 ಪೆಟ್ರೋಲ್ ಎಂಜಿನ್ನಿನಲ್ಲಿ, ಅಂದರೆ ಆರಂಭದಲ್ಲಿ ಹೇಳಿದ 328ಐ ಕಾರಿನಲ್ಲಿ, ಸೋತದ್ದು ಪ್ಲಾಸ್ಟಿಕ್ ಪಟ್ಟಿ. ಅದು ಪೆಡಸಾಗಿ ಒಡೆದು, ಚೂರುಗಳು ಸಂಪಿನಲ್ಲಿರುವ ಎಣ್ಣೆ ಹೀರುವ ಜಾಲರಿಗೆ ಮೆತ್ತಿಕೊಂಡು, ಎಂಜಿನ್ ಎಣ್ಣೆಗೆ ಬಾಯಾರಿ ಸಾಯುತ್ತಿತ್ತು.

ಒಂದೇ ಕಂಪನಿಯನ್ನು ಗುರಿಮಾಡಿದಂತಾಗಬಾರದು. ಆಡಿ ಎ4ರ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಎರಡನೆಯ ತಲೆಮಾರಿನಲ್ಲಿ ಘರ್ಷಣೆ ಕಡಿಮೆ ಮಾಡಲೆಂದು ಪಿಸ್ಟನ್ನಿನ ಎಣ್ಣೆ ರಿಂಗುಗಳನ್ನು ತೆಳುಮಾಡಿದರು. ಅವು ಕಟ್ಟಿಕೊಂಡು ಎಂಜಿನ್ ಎಣ್ಣೆ ಕುಡಿಯತೊಡಗಿತು, ಸರಿಪಡಿಸಲು ಪಿಸ್ಟನ್ನುಗಳನ್ನೇ ಹೊರತೆಗೆಯಬೇಕಾಯಿತು. ಮರ್ಸಿಡಿಸ್ ಸಿ ಕ್ಲಾಸಿನ ಡಬ್ಲ್ಯು204 ತಲೆಮಾರಿನಲ್ಲಿ ಸ್ಟಿಯರಿಂಗ್ ಬೀಗ ತೆರೆಯುವ ಒಂದು ಆಟಿಕೆ ಗಾತ್ರದ ಮೋಟಾರು ಸವೆದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಅದು ಕಳವು ತಡೆಯುವ ವ್ಯವಸ್ಥೆಯ ಅಂಗವಾದ್ದರಿಂದ ಹೊಸದನ್ನು ಹಾಕಿದರೆ ಸಾಲದು, ಕಂಪ್ಯೂಟರಿನ ಮೂಲಕ ಆ ಕಾರಿಗೆ ಪರಿಚಯಿಸಬೇಕು. ಜಾಗದ ಇಕ್ಕಟ್ಟಿನ ಜೊತೆಗೆ ಈ ತಂತ್ರಾಂಶದ ಇಕ್ಕಟ್ಟೂ ಸೇರಿಕೊಂಡಿದೆ. ಬಿಎಂಡಬ್ಲ್ಯುವಿನಲ್ಲಿ ಬ್ಯಾಟರಿ ಬದಲಿಸಿದರೂ ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಅದು ಹೊಸ ಬ್ಯಾಟರಿಗೆ ಮುದಿ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜು ಕೊಡುತ್ತದೆ.

ಇದಕ್ಕೆಲ್ಲ ಒಂದು ಪ್ರಬಲ ಆಕ್ಷೇಪವಿದೆ: ದೋಷ ಕಾರಿನದಲ್ಲ, ಸರ್ವಿಸ್ ಮಾಡಿಸದ ಮಾಲೀಕನದು. ಇದರಲ್ಲಿ ಹುರುಳಿದೆ. ಎಣ್ಣೆಯನ್ನು ಬೇಗ ಬೇಗ ಬದಲಿಸಿದ ಕಾರುಗಳ ಚೈನು ಹೆಚ್ಚು ಬಾಳುತ್ತದೆಂದು ಮೇಲಿನ ಸವೆತದ ಲೆಕ್ಕವೇ ಹೇಳುತ್ತದೆ. ಆದರೆ ಆ ದೀರ್ಘ ಅವಧಿಯನ್ನು ಬರೆದವನು ಮಾಲೀಕನಲ್ಲ, ಕಂಪನಿ. ಗೇರ್‌ಬಾಕ್ಸಿನ ಎಣ್ಣೆ ಜೀವಮಾನಕ್ಕೆ ಸಾಕೆಂದು ಬಿಎಂಡಬ್ಲ್ಯು ಹೇಳಿತ್ತು. ಅದೇ ಗೇರ್‌ಬಾಕ್ಸನ್ನು ತಯಾರಿಸುವ ಝಡ್ಎಫ್ ಕಂಪನಿ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ ಬದಲಿಸಲು ಸಲಹೆ ಕೊಡುತ್ತದೆ. ಯಾರ ಜೀವಮಾನ ಎಂದು ಕೇಳುವುದು ನ್ಯಾಯವೇ. ಅಮೆರಿಕದಲ್ಲಿ ಈ ಕಾರುಗಳ ವಾರಂಟಿ ನಾಲ್ಕು ವರ್ಷ ಅಥವಾ 50 ಸಾವಿರ ಮೈಲಿ, ಹೆಚ್ಚಿನ ಹೊಸ ಕಾರುಗಳು ಮೂರು ವರ್ಷದ ಲೀಸಿಗೆ ಹೋಗುವಂಥವು. ಸರ್ವಿಸ್ ಖರ್ಚು ಕಡಿಮೆ ಎಂದು ತೋರಿಸುವುದು ಆ ಮೂರು ವರ್ಷಗಳ ವ್ಯಾಪಾರಕ್ಕೆ ಒಳ್ಳೆಯದು. ಇದು ಮೋಸವೆನ್ನುವಂತಿಲ್ಲ. ಎಂಜಿನಿಯರು ಒಪ್ಪಿಕೊಂಡ ಕರಾರು ಅಷ್ಟಕ್ಕೇ ಇತ್ತು, ಹತ್ತನೆಯ ವರ್ಷದ ಮಾಲೀಕ ಆ ಮೇಜಿನ ಸುತ್ತ ಕುಳಿತಿರಲೇ ಇಲ್ಲ. ನಿರ್ಲಕ್ಷ್ಯವೊಂದೇ ಕಾರಣವಾಗಿದ್ದರೆ ಕಂಪನಿಯೇ ಅಮೆರಿಕದಲ್ಲಿ ಎನ್20ರ ಚೈನಿಗೆ ಏಳು ವರ್ಷ, 70 ಸಾವಿರ ಮೈಲಿಯವರೆಗೆ ವಾರಂಟಿ ವಿಸ್ತರಿಸುತ್ತಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ 2018ರಲ್ಲಿ ಬಿಎಂಡಬ್ಲ್ಯುವಿನ ಡೀಸೆಲ್ ಕಾರುಗಳು ಸಾಲುಸಾಲಾಗಿ ಹೊತ್ತಿಕೊಂಡ ಮೇಲೆ, ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳಿಸುವ ವ್ಯವಸ್ಥೆಯ ಕೂಲರಿನಲ್ಲಿ ಸೋರಿದ ಗ್ಲೈಕಾಲ್ ಮಸಿಯೊಡನೆ ಬೆರೆತು ಉರಿಯುತ್ತದೆಂದು ಗೊತ್ತಾಗಿ, ಜಗತ್ತಿನಾದ್ಯಂತ 16 ಲಕ್ಷ ಕಾರುಗಳನ್ನು ವಾಪಸು ಕರೆಸುತ್ತಲೂ ಇರಲಿಲ್ಲ.

ಎರಡನೆಯ ಆಕ್ಷೇಪ: ಕೆಟ್ಟ ಕಾರಿನ ಸುದ್ದಿ ಮಾತ್ರ ಹರಡುತ್ತದೆ, ನೆಮ್ಮದಿಯಾಗಿ ಓಡುವ ಕಾರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಪ್ಪಬೇಕಾದ ಮಾತು. ಎನ್47 ಎಂಜಿನ್ನುಗಳೆಲ್ಲವೂ ಚೈನು ಹರಿದುಕೊಂಡಿಲ್ಲ. ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದವೂ ಇವೆ. ಆದರೆ ಕೊಳ್ಳುವವನು ಎದುರಿಸುವುದು ಸರಾಸರಿಯನ್ನಲ್ಲ, ತನ್ನ ಒಂದೇ ಕಾರನ್ನು. ಸಂಭವ ಕಡಿಮೆಯಿದ್ದರೂ ಪೆಟ್ಟು ದೊಡ್ಡದಾಗಿದ್ದರೆ ಎರಡರ ಗುಣಾಕಾರವೇ ಲೆಕ್ಕಕ್ಕೆ ಬರುತ್ತದೆ. ಮೂರನೆಯದು ಜಪಾನಿನ ಲೆಕ್ಸಸ್ಸಿನ ಆಕ್ಷೇಪ: ಅದೂ ಸಣ್ಣ ಐಷಾರಾಮಿ ಕಾರೇ, ಅದೇಕೆ ಹೀಗೆ ಕಾಡುವುದಿಲ್ಲ? ಈ ಪ್ರಶ್ನೆ ವಾದವನ್ನು ಕೆಡವುವ ಬದಲು ಗಟ್ಟಿಮಾಡುತ್ತದೆ. 2005ರ ತಲೆಮಾರಿನ ಲೆಕ್ಸಸ್ ಐಎಸ್ 250ರಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಪದ್ಧತಿ ಮಾತ್ರ ಇತ್ತು. ಇನ್‌ಟೇಕ್ ವಾಲ್ವುಗಳ ಬೆನ್ನನ್ನು ತೊಳೆಯಲು ಪೆಟ್ರೋಲೇ ಇಲ್ಲವಾಗಿ ಅವುಗಳ ಮೇಲೆ ಕಾರ್ಬನ್ನಿನ ಗಸಿ ಕಟ್ಟಿತು. ಜರ್ಮನ್ ಎಂಜಿನ್ನುಗಳದೂ ಅದೇ ಪಾಡು. ಬಿಎಂಡಬ್ಲ್ಯು ಗ್ಯಾರೇಜುಗಳಲ್ಲಿ ಆ ಗಸಿಯನ್ನು ಅಕ್ರೋಟಿನ ಚಿಪ್ಪಿನ ಪುಡಿ ಊದಿ ಕೆರೆಯುತ್ತಾರೆ. ಅದೇ ಲೆಕ್ಸಸ್ಸಿನ ಐಎಸ್ 350ರಲ್ಲಿ ನೇರ ಚಿಮ್ಮಿಕೆಯ ಜೊತೆಗೆ ಹಳೆಯ ಕೊಳವೆ ಚಿಮ್ಮಿಕೆಯೂ ಇದ್ದದ್ದರಿಂದ ವಾಲ್ವು ತೊಳೆದುಕೊಂಡಿತು. ಒಂದೇ ಕಾರು, ಒಂದೇ ಲಾಂಛನ, ಎರಡು ವಿನ್ಯಾಸ, ಎರಡು ಫಲ. ದೇಶದ ಹೆಸರು ಇಲ್ಲಿ ಏನನ್ನೂ ವಿವರಿಸುವುದಿಲ್ಲ.

ನಾಲ್ಕನೆಯ ಆಕ್ಷೇಪಕ್ಕೆ ಉತ್ತರವಿಲ್ಲ, ಏಕೆಂದರೆ ಅದು ಬಹುಮಟ್ಟಿಗೆ ಸರಿ. ಹೊಸ ಕಾರು ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಕಳೆದುಕೊಳ್ಳುವ ಬೆಲೆಯ ಮುಂದೆ ಹಳೆಯದರ ಎಲ್ಲ ರಿಪೇರಿಯೂ ಸಣ್ಣದು. 35 ಸಾವಿರದ ಕಾರು ಸದ್ದಿಲ್ಲದೆ ಹದಿನೈದು ಸಾವಿರ ಕರಗಿಸುತ್ತದೆ, ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲವಷ್ಟೆ. ಷರತ್ತು ಒಂದೇ: ರಿಪೇರಿಯ ಹಣ ಕೊಳ್ಳುವ ದಿನವೇ ಬೇರೆ ಎತ್ತಿಟ್ಟಿರಬೇಕು. ಈ ಭಾಗಗಳೆಲ್ಲ ಒಂದೇ ಬಿಸಿಯಲ್ಲಿ ಒಂದೇ ಕಾಲ ಬೆಂದಿರುವುದರಿಂದ ಅವು ಹೆಚ್ಚುಕಡಿಮೆ ಒಟ್ಟಿಗೇ ಕೈಕೊಡುತ್ತವೆ, ಕಂತಿನಲ್ಲಿ ಅಲ್ಲ. ಜಾಣ ಮೆಕ್ಯಾನಿಕ್ಕು ಇದನ್ನೇ ಲಾಭಕ್ಕೆ ತಿರುಗಿಸಿಕೊಳ್ಳುತ್ತಾನೆ: ಪಂಪಿಗೆ ಕೈಹಾಕಿದಾಗಲೇ ಥರ್ಮೋಸ್ಟಾಟು, ಹೋಸು, ಗೇರ್‌ಬಾಕ್ಸು ಕೆಳಗಿಳಿದಾಗಲೇ ಹಿಂದಿನ ಸೀಲು. ಕೂಲಿ ಒಂದೇ ಸಲ.

ಭಾರತದ ಲೆಕ್ಕ ಇದಕ್ಕಿಂತ ಸ್ವಲ್ಪ ಬಿಗಿ. 3 ಸೀರೀಸ್ 2007ರಿಂದ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದೆ, ಆದರೂ ಅದರ ಎಷ್ಟೋ ಬಿಡಿಭಾಗ ಆಮದಿನವೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ತೆವಳುವ ಕಾರು ಕಿಲೋಮೀಟರಿನ ಲೆಕ್ಕದಲ್ಲಿ ಎಳೆಯದು, ಬಿಸಿಯಲ್ಲಿ ಕಳೆದ ಗಂಟೆಗಳ ಲೆಕ್ಕದಲ್ಲಿ ಮುದುಕ. ‘ಬರೀ 50 ಸಾವಿರ ಓಡಿದೆ’ ಎಂಬ ಜಾಹೀರಾತು ಅರ್ಧ ಸತ್ಯ ಮಾತ್ರ. ಪಂಕ್ಚರಾದರೂ ಓಡಬಲ್ಲ ರನ್‌ಫ್ಲಾಟ್ ಟಯರಿನ ಪಕ್ಕ ಬಿರುಸಾಗಿರುವುದರಿಂದ ಗುಂಡಿಯ ಪೆಟ್ಟು ರಿಮ್ಮಿಗೂ ಮುಂದಿನ ಸಸ್ಪೆನ್ಷನ್ನಿನ ದ್ರವ ತುಂಬಿದ ಬುಷ್ಷುಗಳಿಗೂ ನೇರ ತಗಲುತ್ತದೆ. ಇನ್ನು ದೆಹಲಿ ಕಾರಿನ ಆಕರ್ಷಣೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ 320ಡಿಗಳು ಅಗ್ಗದಲ್ಲಿ ದಕ್ಷಿಣಕ್ಕೆ ಇಳಿದವು. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಅದರ ಮೂಲ ದರ ಶೇ 18. ವಯಸ್ಸಿಗೆ ತಕ್ಕಂತೆ ಕಡಿತವಿದ್ದರೂ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ. ಬಿಡಿಭಾಗದಂತೆ ತೆರಿಗೆ ಇಲಾಖೆಯೂ ಹಳೆಯ ಬೆಲೆಯನ್ನು ಮರೆಯುವುದಿಲ್ಲ.

ಹಾಗಿದ್ದರೆ ಇಷ್ಟೆಲ್ಲ ಗೊತ್ತಿರುವ ಮಾರುಕಟ್ಟೆಯಲ್ಲಿ ಒಳ್ಳೆಯ ಕಾರು ಹೆಚ್ಚಿನ ಬೆಲೆಗೂ ಕೆಟ್ಟದ್ದು ಕಡಿಮೆ ಬೆಲೆಗೂ ಹೋಗಬೇಕಿತ್ತಲ್ಲ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಇದಕ್ಕೆ ಉತ್ತರ ಬರೆದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲ; ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ನಡುಮಟ್ಟದ ಬೆಲೆ ಕೊಡಲು ಸಿದ್ಧ; ಆ ಬೆಲೆಗೆ ಒಳ್ಳೆಯ ಕಾರಿನವನು ಮಾರುವುದಿಲ್ಲ. ಕೊನೆಗೆ ಉಳಿಯುವ ರಾಶಿ ಯಾವುದೆಂದು ಹೇಳಬೇಕಿಲ್ಲ. ಈ ಅಜ್ಞಾನವನ್ನು ಕಡಿಮೆ ಮಾಡುವ ಉಪಾಯಗಳು ಅಗ್ಗದವು: ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನನ್ನು ತನ್ನ ಎದುರಿಗೇ ಸ್ಟಾರ್ಟ್ ಮಾಡಿಸಿ ಚೈನಿನ ಸದ್ದು ಕೇಳುವುದು, ಎಣ್ಣೆ ಬದಲಿಸಿದ ತಾರೀಖು ಇರುವ ರಸೀತಿಗಳನ್ನು ಕೇಳುವುದು, ಕಾರನ್ನು ಲಿಫ್ಟಿಗೆ ಎತ್ತಿಸಿ ಸೋರಿಕೆಯ ದಾರಿ ನೋಡುವುದು. ಮಾರುವವನು ಎಂಜಿನ್ನನ್ನು ಮೊದಲೇ ಬಿಸಿಮಾಡಿಟ್ಟಿದ್ದರೆ ಅದೂ ಒಂದು ಉತ್ತರವೇ.

ಇ90 ಈಗ ಮಾರುಕಟ್ಟೆಯಿಂದ ಮರೆಯಾಗುತ್ತಿದೆ. ಅದರ ಜಾಗಕ್ಕೆ ಬರುತ್ತಿರುವುದು 2015ರ ನಂತರದ ಎಫ್30, ಹೊಸ ಬಿ47 ಡೀಸೆಲ್ ಮತ್ತು ಬಿ48 ಪೆಟ್ರೋಲ್ ಎಂಜಿನ್ನುಗಳೊಂದಿಗೆ. ಚೈನಿನ ದೂರು ಇವುಗಳಲ್ಲಿ ಬಹಳ ಕಡಿಮೆಯಾಗಿದೆ. ಆದರೆ ಎರಡರಲ್ಲೂ ಚೈನಿರುವುದು ಹಿಂದುಗಡೆಯೇ, ಗೇರ್‌ಬಾಕ್ಸಿನ ಕಡೆ. ಮತ್ತು ಬಿ48ರ ಆಯಿಲ್ ಫಿಲ್ಟರ್ ಹೌಸಿಂಗನ್ನು ಈ ಸಲ ಪ್ಲಾಸ್ಟಿಕ್ಕಿನಲ್ಲೇ ಮಾಡಿದ್ದಾರೆ. ಅವುಗಳಲ್ಲಿ ಮೊದಲು ತಯಾರಾದವಕ್ಕೆ ಈಗಷ್ಟೇ ಹತ್ತು ವರ್ಷ ತುಂಬಿದೆ, ಹೌಸಿಂಗು ಬಿರುಕುಬಿಟ್ಟ ದೂರುಗಳು ಗ್ಯಾರೇಜುಗಳಿಗೆ ಬರತೊಡಗಿವೆ.